ಒಂದೇ ದಿನ, ಅಪ್ಪನಿಗೆ ಗುಹೆ, ಮಗಳಿಗೆ ಬೀಚ್: ಘಾರಾಪುರಿಗೆ ಹೋಗಬಹುದಾ?

ನೆರೂಳ್_ಸಂಸಾರ
ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಅಪ್ಪ ಅಮ್ಮ ಧಾರವಾಡದಿಂದ ನವಿ ಮುಂಬಯಿಯ ನಮ್ಮ ನೆರೂಳ್ ಮನೆಗೆ ಬರುತ್ತಿದ್ದಾರೆ. ಮದುವೆ, ಬಳಗದವರ ಮನೆ ಎಲ್ಲ ಕಳೆದರೆ ಸುತ್ತಾಡೋಕೆ ಉಳಿಯೋದು ಒಂದೇ ದಿನ. ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು. ಫೋನಿನಲ್ಲೇ ಹೇಳಿಬಿಟ್ಟಿದ್ದಾರೆ: "ಪುಲಿಕೇಶಿ ಹಡಗ ತಗೊಂಡು ಹೋಗಿ ಗೆದ್ದ ಪುರಿ ಅಲ್ಲೇ ಅದ. ಅದನ್ನ ನೋಡದ ನಾ ವಾಪಸ್ ಹೋಗಂಗಿಲ್ಲ." ಅಂದರೆ ಘಾರಾಪುರಿ, ಎಲ್ಲರೂ ಎಲಿಫೆಂಟಾ ಅನ್ನುವ, ಮುಂಬಯಿ ಹತ್ತಿರದ ದ್ವೀಪ.

ಅಮ್ಮನಿಗೆ ಮೊಣಕಾಲು ನೋವು. ಮೆಟ್ಟಿಲು ಅಂದರೆ ಮುಖ ಸಣ್ಣದು ಮಾಡುತ್ತಾರೆ. ಮಗಳಿಗೆ ಏಳು ವರ್ಷ. ಅವಳಿಗೆ ಗುಹೆ ಗಿಹೆ ಏನೂ ಬೇಡ, ಬೀಚ್ ಬೇಕು. ನಮ್ಮ ಯಜಮಾನರು ಹೇಳೋದು, "ಬಿಸಿಲಲ್ಲಿ ದೋಣಿ, ಮುರಿದ ಮೂರ್ತಿ, ಮಂಗಗಳ ಕಾಟ. ಬೇರೆ ಎಲ್ಲಾದರೂ ಹೋಗೋಣ." ನಾನು ಇಷ್ಟು ವರ್ಷ ಇಲ್ಲಿದ್ದೂ ಅಲ್ಲಿಗೆ ಹೋಗಿಲ್ಲ. ಹೋಗಿಬಂದವರು ಸ್ವಲ್ಪ ಹೇಳಿ. ಅಲ್ಲಿ ಬೀಚ್ ಅಂತ ಇದೆಯಾ? ಅಮ್ಮನ ಕೈಲಿ ಆಗುತ್ತಾ?

ಹಾರ್ಬರ್‌ಲೈನ್_ಹನುಮ
ಮೊದಲು ಒಂದು ಮಾತು. ಸೋಮವಾರ ಬೇಡ. ಅವತ್ತು ಗುಹೆ ಬಂದ್. ಇದು ಗೊತ್ತಿಲ್ಲದೆ ದೋಣಿ ಹೊರಡುವ ಗೇಟ್‌ವೇ ಆಫ್ ಇಂಡಿಯಾವರೆಗೆ ಬಂದು ಪಾರಿವಾಳ ನೋಡಿ ವಾಪಸ್ ಹೋಗುವವರು ಈಗಲೂ ಇದ್ದಾರೆ.

ದೋಣಿ ಬೆಳಿಗ್ಗೆ ಒಂಬತ್ತಕ್ಕೆ ಶುರು. ಮೊದಲನೆಯದು ಅಥವಾ ಎರಡನೆಯದು ಹಿಡಿಯಿರಿ. ಹೋಗೋಕೆ ಒಂದು ತಾಸು, ಬರೋಕೆ ಒಂದು ತಾಸು. ಮಧ್ಯಾಹ್ನ ಎರಡರ ನಂತರ ಅತ್ತ ಕಡೆ ಹೋಗುವ ದೋಣಿ ಸಿಗೋದು ಕಷ್ಟ. ಸಂಜೆ ಐದೂವರೆಯೊಳಗೆ ವಾಪಸ್ ದೋಣಿ ಹತ್ತಿರಬೇಕು. ಪ್ರವಾಸಿಗರು ಅಲ್ಲಿ ರಾತ್ರಿ ಉಳಿಯುವ ಹಾಗಿಲ್ಲ.

ಕುಡ್ಲದಣ್ಣ
ಬೀಚಾ? ಮಾರಾಯ್ರೆ, ಅಲ್ಲಿ ಇರೋದು ಕೆಸರು ಮತ್ತು ಕಾಂಡ್ಲಾ ಗಿಡ. ಉಳ್ಳಾಲ, ಮಲ್ಪೆ ಥರ ಮರಳು ಕನಸಿನಲ್ಲೂ ಇಲ್ಲ. ಮಗುವಿಗೆ ಸುಳ್ಳು ಹೇಳಿ ಕರ್ಕೊಂಡು ಹೋಗಬೇಡಿ, ದಿನಪೂರ್ತಿ ಅಳ್ತದೆ.

ಬೋರಿವಲಿ_ಬಾಲಕ
ಅಕ್ಕ, ನಿಮ್ಮ ಯಜಮಾನರು ಹೇಳಿದ್ದು ಸರಿ. ಎಲಿಫೆಂಟಾ ಬಿಡಿ, ನಮ್ಮ ಕಡೆ ಬನ್ನಿ. ಬೆಳಿಗ್ಗೆ ಕಾನ್ಹೇರಿ. ನ್ಯಾಷನಲ್ ಪಾರ್ಕ್ ಒಳಗೆ ನೂರಕ್ಕೂ ಜಾಸ್ತಿ ಗುಹೆಗಳಿವೆ. ಮಧ್ಯಾಹ್ನ ಊಟ ಮುಗಿಸಿ ಬೋರಿವಲಿ ಪಶ್ಚಿಮದಲ್ಲಿ ಮಂಡಪೇಶ್ವರ, ಅಲ್ಲಿಂದ ಗೋರಾಯಿ ಖಾಡಿ ದಾಟಿದರೆ ಹಳ್ಳಿಯೂ ಸಿಕ್ಕಿತು, ಬೀಚೂ ಸಿಕ್ಕಿತು. ದೋಣಿ ಹತ್ತಿದ ಹಾಗೂ ಆಯ್ತು. ಮೂರೂ ಒಂದೇ ದಿನದಲ್ಲಿ, ಖರ್ಚೂ ಕಡಿಮೆ.

ಅಪ್ಪನಿಗೆ ಕನ್ನಡದ ಇತಿಹಾಸ ಬೇಕಲ್ವಾ? ಕಾನ್ಹೇರಿಯಲ್ಲಿ ಕೊಂಕಣ ಆಳಿದ ಶಿಲಾಹಾರರ ಕಾಲದ ಶಾಸನಗಳಿವೆ. ಅವುಗಳಲ್ಲಿ ನಮ್ಮ ಅಮೋಘವರ್ಷ ನೃಪತುಂಗನ ಹೆಸರೇ ಇದೆ. ಶಿಲಾಹಾರರು ಆಗ ಅವನ ಸಾಮಂತರು. ಒಂಬತ್ತನೇ ಶತಮಾನ.

ಮಾಟುಂಗಾ_ಮೀನಾಕ್ಷಿ
ಕಾನ್ಹೇರಿಯಲ್ಲಿ ಮೆಟ್ಟಿಲು ಕಡಿಮೆಯೇನಪ್ಪಾ? ಬಂಡೆ ಮೇಲೆ ಕೆತ್ತಿದ ಮೆಟ್ಟಿಲು, ಹತ್ತಿದಷ್ಟೂ ಮುಗಿಯೋದಿಲ್ಲ. ಮೊಣಕಾಲು ನೋವಿನವರನ್ನು ಅಲ್ಲಿಗೆ ಕಳಿಸ್ತೀಯಾ? ನೆರೂಳಿನಿಂದ ಬೋರಿವಲಿಗೆ ಹೋಗೋಷ್ಟರಲ್ಲೇ ಅರ್ಧ ದಿನ ಮುಗೀತದೆ.

ಘಾರಾಪುರಿಯಲ್ಲಿ ನೂರಿಪ್ಪತ್ತು ಮೆಟ್ಟಿಲು. ಎರಡೂ ಬದಿ ಅಂಗಡಿ, ಮೇಲೆ ಟಾರ್ಪಾಲ್ ನೆರಳು. ಅಂಗಡಿ ನೋಡ್ತಾ ಕೂತು ಎದ್ದು ಹತ್ತಬಹುದು. ಆಗಲ್ಲ ಅಂದರೆ ಡೋಲಿ ಸಿಗುತ್ತೆ. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತುಕೊಂಡು ಹೋಗ್ತಾರೆ. ಬೆಲೆ ಮಾತ್ರ ಕೆಳಗೇ ಮಾತಾಡಿಕೊಳ್ಳಿ, ಹೋಗಿ ಬರೋದಕ್ಕೆ ಸೇರಿಸಿ. ದೋಣಿ ನಿಲ್ಲುವ ಧಕ್ಕೆಯಿಂದ ಮೆಟ್ಟಿಲಿನವರೆಗೆ ಪುಟಾಣಿ ರೈಲು ಇದೆ. ಮಗು ಅದಕ್ಕೇ ಖುಷಿಯಾಗುತ್ತೆ.

ನಿಮ್ಮ ಅಮ್ಮನಿಗೆ ನಿಜವಾದ ಕಷ್ಟ ಮೆಟ್ಟಿಲಲ್ಲ, ದೋಣಿ. ಒಂದಕ್ಕೊಂದು ಅಂಟಿಸಿ ನಿಲ್ಲಿಸಿರ್ತಾರೆ. ಒಂದು ದೋಣಿಯಿಂದ ಇನ್ನೊಂದಕ್ಕೆ ಕಾಲಿಟ್ಟು ದಾಟಬೇಕು. ಅಲೆಗೆ ಎರಡೂ ಅಲ್ಲಾಡ್ತಿರುತ್ತವೆ. ಹುಡುಗರು ಕೈ ಹಿಡಿದು ದಾಟಿಸ್ತಾರೆ, ನಾಚಿಕೆ ಬಿಟ್ಟು ಹಿಡಿದುಕೊಳ್ಳೋಕೆ ಹೇಳಿ. ಸೀರೆ ಬದಲು ಚೂಡಿದಾರ್ ಹಾಕಿಸಿ.

ನೆರೂಳ್_ಸಂಸಾರ
ಅಮ್ಮ ಚೂಡಿದಾರ್ ಹಾಕುವ ದಿನ ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ ಮೀನಾಕ್ಷಮ್ಮ. 😄 ಆದರೆ ಡೋಲಿ ವಿಷಯ ಗೊತ್ತಿರಲಿಲ್ಲ, ಒಳ್ಳೆಯದಾಯಿತು.

ಚಾಲುಕ್ಯ_ವೀರ
ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ಇಮ್ಮಡಿ ಪುಲಿಕೇಶಿಯ ನೌಕಾಪಡೆ ಗೆದ್ದ ಜಾಗ ಅದು. ಗುಹೆ ಕೆತ್ತಿಸಿದ್ದೂ ನಮ್ಮ ಬಾದಾಮಿ ಚಾಲುಕ್ಯರೇ. ಆದರೆ ಅಲ್ಲಿ ಒಂದು ಫಲಕದಲ್ಲೂ ದೊಡ್ಡದಾಗಿ ಬರೆದಿಲ್ಲ. ಬೇಕಂತಲೇ ಮುಚ್ಚಿಟ್ಟಿದ್ದಾರೆ.

ಶಾಸನಪ್ರಿಯ
ವೀರರೇ, ನಿಧಾನ. ಇದರಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಹೋಗಿವೆ.

ಒಂದು, ಗೆದ್ದದ್ದು. ಐಹೊಳೆಯ ಮೇಗುಟಿ ಬಸದಿಯ ಶಾಸನ, 634-35ರದು, ರವಿಕೀರ್ತಿ ಬರೆದದ್ದು. ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಪುಲಿಕೇಶಿ ನೂರಾರು ಹಡಗುಗಳಿಂದ ಮುತ್ತಿದ ಅಂತ ಅದರಲ್ಲಿದೆ. ಆ ಹಡಗುಗಳು ಮದವೇರಿದ ಆನೆಗಳ ಹಿಂಡಿನ ಹಾಗೆ ಕಾಣುತ್ತಿದ್ದವಂತೆ. ಪುರಿ ಕೊಂಕಣದ ಮೌರ್ಯರ ರಾಜಧಾನಿ. ಇಷ್ಟು ಗಟ್ಟಿ. ಆ ಪುರಿ ಈ ಘಾರಾಪುರಿಯೇ ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ಜಂಜೀರಾ ಹತ್ತಿರದ ರಾಜಪುರಿ ಅಂತ ಹೇಳುವವರೂ ಇದ್ದಾರೆ. ಇತ್ಯರ್ಥ ಆಗಿಲ್ಲ.

ಎರಡು, ಕೆತ್ತಿಸಿದ್ದು. ದೊಡ್ಡ ಗುಹೆ ಆರನೇ ಶತಮಾನದ ನಡುವಿನದು ಅಂತ ಈಗ ಹೆಚ್ಚಿನವರು ಒಪ್ಪುತ್ತಾರೆ. ಕಲಚುರಿ ದೊರೆ ಕೃಷ್ಣರಾಜನ ನಾಣ್ಯಗಳು ದ್ವೀಪದಲ್ಲಿ ಬಹಳ ಸಿಕ್ಕಿವೆ. ಅದಕ್ಕೇ ಅವನ ಕಾಲಕ್ಕೆ ಜೋಡಿಸುತ್ತಾರೆ. ಪುಲಿಕೇಶಿ ಆಳಿದ್ದು ಸುಮಾರು 610ರಿಂದ 642. ಅಂದರೆ ಈ ಲೆಕ್ಕದಲ್ಲಿ ಅವನ ಹಡಗುಗಳು ಬರುವ ಹೊತ್ತಿಗೆ ಗುಹೆ ಆಗಲೇ ಇತ್ತು. ಗೆದ್ದವನು ಅವನಿರಬಹುದು, ಕೆತ್ತಿಸಿದವನಲ್ಲ.

ಚಾಲುಕ್ಯ_ವೀರ
ನಾಣ್ಯ ಸಿಕ್ಕಿದ ಮಾತ್ರಕ್ಕೆ ಅವರೇ ಕೆತ್ತಿಸಿದ್ದು ಹೇಗಾಗುತ್ತೆ? ವ್ಯಾಪಾರಕ್ಕೆ ಬಂದ ನಾಣ್ಯ ಇರಬಹುದಲ್ಲಾ. ಶಾಸನ ಇದೆಯಾ? ಇದ್ದರೆ ತೋರಿಸಿ.

ಶಾಸನಪ್ರಿಯ
ಅದೇ ಹೊಟ್ಟೆ ಉರಿಯುವ ವಿಷಯ. ಒಂದು ಶಾಸನ ಇತ್ತಂತೆ. ಪೋರ್ಚುಗೀಸರು ಆ ಕಲ್ಲನ್ನು ಕಿತ್ತು ಪೋರ್ಚುಗಲ್‌ಗೆ ಕಳಿಸಿದರು, ಅಲ್ಲಿ ಓದುವವರು ಸಿಗಲಿಲ್ಲ, ಆಮೇಲೆ ಕಲ್ಲೇ ಕಾಣೆಯಾಯಿತು. ಇದನ್ನು ಬರೆದಿಟ್ಟವನು ಅವರದೇ ಚರಿತ್ರಕಾರ ದಿಯೊಗೊ ದೊ ಕೂತೊ. ಹಾಗಾಗಿ ಯಾರ ಹೆಸರೂ ಖಚಿತವಾಗಿ ಹೇಳೋ ಹಾಗಿಲ್ಲ. ನಾಣ್ಯ, ಶೈಲಿ, ಪಾಶುಪತ ಅನ್ನುವ ಶೈವ ಪಂಥದ ಗುರುತುಗಳು ಇವನ್ನೆಲ್ಲ ಸೇರಿಸಿ ಅಂದಾಜು ಮಾಡುತ್ತಾರೆ. ಹಿಂದೆ ರಾಷ್ಟ್ರಕೂಟರದ್ದು ಅಂತಲೂ ಬರೆಯುತ್ತಿದ್ದರು. ಎಲ್ಲೋರಾದ 29ನೇ ಗುಹೆ, ಧುಮಾರ್ ಲೇಣ ಅನ್ನುತ್ತಾರಲ್ಲ, ಅದರ ನಕ್ಷೆಗೂ ಇದಕ್ಕೂ ಬಹಳ ಹೋಲಿಕೆ ಇದೆ.

ನಿಮಗೆ ಖುಷಿಯಾಗೋ ವಿಷಯವೂ ಒಂದಿದೆ. ಅದೇ ಕೂತೊ, ಆ ಕಾಲದ ಜನ ಏನು ಹೇಳುತ್ತಿದ್ದರು ಅಂತಲೂ ಬರೆದಿದ್ದಾನೆ. ಕೆನರಾದ ಒಬ್ಬ ರಾಜ, ಹೆಸರು ಬಾಣಾಸುರ, ಅವನೇ ಇದನ್ನು ಮಾಡಿಸಿದ, ಅವನ ಮಗಳು ಉಷೆ ಈ ದ್ವೀಪದಲ್ಲೇ ಇದ್ದಳು ಅಂತ. ಕೆನರಾ ಅಂದರೆ ನಮ್ಮ ಕಡೆಯೇ ತಾನೇ.

ಚಾಲುಕ್ಯ_ವೀರ
ನೋಡಿ! ನಾನು ಹೇಳಿದ್ದು ಅದೇ!

ಪುಣೆ_ಪಾರ್ಸೆಲ್
ಪುಲಿಕೇಶಿ ಕೈಬಿಟ್ಟು ಬಾಣಾಸುರನ ಕೈ ಹಿಡಿದಿರಾ ವೀರರೇ. ನಾಳೆ ಆಧಾರ್ ಕಾರ್ಡೂ ಮಾಡಿಸಿಬಿಡಿ ಅವನಿಗೆ.

ಕುಡ್ಲದಣ್ಣ
😂😂

ಹಾರ್ಬರ್‌ಲೈನ್_ಹನುಮ
ನನಗೆ ಅಲ್ಲಿ ಶೇಂಗಾ ಮಾರುವ ಅಜ್ಜಿ ಹೇಳಿದ್ದು ಬೇರೆ. ಪಾಂಡವರು ಒಂದೇ ರಾತ್ರಿಯಲ್ಲಿ ಕೊರೆದರಂತೆ, ಬೆಳಗಾದದ್ದಕ್ಕೆ ಪಕ್ಕದ ಗುಹೆಗಳು ಅರ್ಧಕ್ಕೇ ನಿಂತವಂತೆ. ಹೋಗಿ ನೋಡಿದರೆ ನಿಜವಾಗಿಯೂ ಎರಡರಿಂದ ಐದನೇ ಗುಹೆ ಒಂದೂ ಪೂರ್ತಿ ಕಾಣಲ್ಲ. ಅಜ್ಜಿಯ ಲೆಕ್ಕ ತಪ್ಪು ಅನ್ನೋಕಾಗಲ್ಲ.

ಕ್ಯಾಮೆರಾ_ಕಿಟ್ಟಿ
ಇತಿಹಾಸದ ಮೇಷ್ಟ್ರು ಬರ್ತಿದ್ದಾರೆ ಅಂದಮೇಲೆ ನೋಡುವ ಕ್ರಮ ಹೇಳ್ತೀನಿ. ಎಲ್ಲರೂ ಉತ್ತರದ ಬಾಗಿಲಿನಿಂದ ನುಗ್ಗಿ, ಎದುರಿಗೆ ಕಾಣುವ ದೊಡ್ಡ ಮೂರ್ತಿಯ ಮುಂದೆ ಸೆಲ್ಫಿ ತೆಗೆದು, ಹತ್ತು ನಿಮಿಷಕ್ಕೆ ಹೊರಗೆ. ಹಾಗೆ ಮಾಡಬೇಡಿ.

ಬಾಗಿಲಲ್ಲೇ ಒಂದು ಬದಿ ನಟರಾಜ, ಇನ್ನೊಂದು ಬದಿ ಯೋಗೀಶ್ವರ. ಎರಡೂ ಮುರಿದಿವೆ, ಆದರೂ ನಿಲ್ಲಿ. ನಟರಾಜನ ಸೊಂಟದ ತಿರುವು ನೋಡಿದರೆ ಕೈಕಾಲು ಇಲ್ಲದ್ದು ಮರೆತೇಹೋಗುತ್ತೆ. ಬಾದಾಮಿ ಮೊದಲನೇ ಗುಹೆಯ ಹದಿನೆಂಟು ಕೈಗಳ ನಟರಾಜನನ್ನು ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತೆ. ಅಲ್ಲಿ ಕೆಂಪು ಮರಳುಗಲ್ಲು, ಇಲ್ಲಿ ಕರಿ ಬಸಾಲ್ಟ್. ಈ ಕಲ್ಲಿನಲ್ಲಿ ಅಷ್ಟು ಮೆತ್ತಗಿನ ತುಟಿ ಹೇಗೆ ತೆಗೆದರೋ.

ಆಮೇಲೆ ದಕ್ಷಿಣ ಗೋಡೆಯ ಮೂರು ಮುಖದ ಸದಾಶಿವ. ಸುಮಾರು ಇಪ್ಪತ್ತು ಅಡಿ ಎತ್ತರ. ಒಳಗೆ ಕತ್ತಲು, ಕಣ್ಣು ಹೊಂದಿಕೊಳ್ಳೋಕೆ ಬಿಡಿ. ಮೊಬೈಲ್ ಟಾರ್ಚ್ ಹಾಕಿದರೆ ಕೆಟ್ಟಿತು, ಬರೀ ಕಲ್ಲು ಕಾಣುತ್ತೆ. ಪೂರ್ವ ಪಶ್ಚಿಮದ ಅಂಗಳಗಳಿಂದ ಬರುವ ಬೆಳಕೇ ಸಾಕು. ಇದನ್ನು ಬ್ರಹ್ಮ ವಿಷ್ಣು ಮಹೇಶ್ವರ ಅಂತ ತ್ರಿಮೂರ್ತಿ ಮಾಡಿ ಹೇಳುವವರು ಸಿಗ್ತಾರೆ. ಮೂರೂ ಶಿವನವೇ. ನಡುವೆ ಶಾಂತ ಮುಖ. ನಮ್ಮ ಎಡಕ್ಕೆ ಉಗ್ರ, ಮೀಸೆ ಇದೆ, ಹಾವು ಇದೆ. ಬಲಕ್ಕೆ ಹೆಣ್ಣಿನ ಮುಖ, ಕೈಯಲ್ಲಿ ತಾವರೆ. ಅದರ ಎಡಬದಿ ಅರ್ಧನಾರೀಶ್ವರ, ಬಲಬದಿ ಗಂಗಾಧರ.

ಕೊನೆಗೆ ಪೂರ್ವದ ಅಂಗಳಕ್ಕೆ ಹೋಗಿ ಅಲ್ಲಿಂದ ಒಳಗೆ ನೋಡಿ. ಆಗ ಗೊತ್ತಾಗುತ್ತೆ, ಕಂಬಗಳ ಸಾಲು ನೇರ ಹೋಗಿ ನಿಲ್ಲೋದು ನಾಲ್ಕು ಬಾಗಿಲಿನ ಲಿಂಗದ ಗುಡಿಗೆ. ಗುಹೆಗೆ ಎರಡು ದಾರಿ, ಎರಡು ಗುರಿ. ಉತ್ತರದಿಂದ ಬಂದವರಿಗೆ ಸದಾಶಿವ, ಪೂರ್ವದಿಂದ ಬಂದವರಿಗೆ ಲಿಂಗ. ಬಹಳ ಜನ ಇದನ್ನು ನೋಡದೇ ಬರ್ತಾರೆ.

ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು. ಸುಮ್ನೆ ಹೊತ್ತುಕೊಂಡು ಹೋಗಬೇಡಿ.

ನೆರೂಳ್_ಸಂಸಾರ
ಕಿಟ್ಟಿಯವರೇ, ಇದನ್ನು ಹಾಗೇ ಅಪ್ಪನಿಗೆ ಕಳಿಸಿದೆ. "ಈ ಹುಡುಗ ಯಾರು, ನಮ್ಮ ಶಾಲ್ಯಾಗ ಇದ್ನೇನು" ಅಂತ ಕೇಳಿದರು. ಮೂರ್ತಿಗಳನ್ನು ಮುರಿದದ್ದು ಪೋರ್ಚುಗೀಸರೇ ಅಲ್ವಾ? ಗುಂಡು ಹೊಡೆದು ಅಭ್ಯಾಸ ಮಾಡುತ್ತಿದ್ದರು ಅಂತ ಕೇಳಿದ್ದೆ.

ಶಾಸನಪ್ರಿಯ
ಆ ಕಥೆ ಎಲ್ಲ ಗೈಡ್‌ಗಳ ಬಾಯಲ್ಲೂ ಇದೆ. 1534ರಲ್ಲಿ ಗುಜರಾತಿನ ಸುಲ್ತಾನ ಬಹದ್ದೂರ್ ಶಹಾ ಈ ಭಾಗವನ್ನೆಲ್ಲ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಆಮೇಲೆ ಹಾನಿ ಆದದ್ದು ನಿಜ. ಆದರೆ ಪೂರ್ತಿ ತಪ್ಪು ಅವರ ಮೇಲೇ ಹಾಕೋಕಾಗಲ್ಲ. ನೀರು ಜಿನುಗಿ ಕಲ್ಲು ಹಾಳಾಗಿದೆ, ದನ ಕಟ್ಟಿದ್ದಾರೆ, ಬ್ರಿಟಿಷರ ಕಾಲದಲ್ಲೂ ಬಂದವರು ಒಡೆದಿದ್ದಾರೆ. ಗಮನಿಸಿ ನೋಡಿದರೆ ಕೆಲವು ಕಂಬ ಹೊಸದಾಗಿ ಕಟ್ಟಿ ನಿಲ್ಲಿಸಿದ್ದು ಅಂತ ಗೊತ್ತಾಗುತ್ತೆ. ಸದಾಶಿವ ಮಾತ್ರ ಹೆಚ್ಚು ಪೆಟ್ಟಿಲ್ಲದೆ ಉಳಿದಿದ್ದಾನೆ. ಯುನೆಸ್ಕೊ ಪಟ್ಟಿಗೆ ಸೇರಿದ್ದು 1987ರಲ್ಲಿ.

ಪುಣೆ_ಪಾರ್ಸೆಲ್
ಎಲಿಫೆಂಟಾ ಅಂತ ಹೆಸರು, ಆನೆ ಎಲ್ಲಿ? ಏಳು ವರ್ಷದ ಮಗು ಮೊದಲು ಕೇಳೋದೇ ಅದನ್ನು. ಉತ್ತರ ರೆಡಿ ಇಟ್ಟುಕೊಳ್ಳಿ.

ಮಾಟುಂಗಾ_ಮೀನಾಕ್ಷಿ
ಆನೆ ಮುಂಬಯಿಯ ಭಾಯ್ಖಳಾದಲ್ಲಿದೆ. ರಾಣಿಬಾಗ್‌ನಲ್ಲಿ, ಅಂದರೆ ಅಲ್ಲಿನ ಮೃಗಾಲಯದಲ್ಲಿ, ಭಾವು ದಾಜಿ ಲಾಡ್ ಮ್ಯೂಸಿಯಂ ಪಕ್ಕ. ಒಂದೇ ಬಂಡೆಯಲ್ಲಿ ಮಾಡಿದ ದೊಡ್ಡ ಆನೆ ಇಳಿಯುವ ಜಾಗದ ಹತ್ತಿರ ಇತ್ತಂತೆ. ಅದನ್ನು ನೋಡೇ ಪೋರ್ಚುಗೀಸರು ಆ ಹೆಸರಿಟ್ಟರು. 1864ರಲ್ಲಿ ಬ್ರಿಟಿಷರು ಇಂಗ್ಲೆಂಡಿಗೆ ಸಾಗಿಸೋಕೆ ಎತ್ತಿದಾಗ ಕ್ರೇನ್ ಕೈಕೊಟ್ಟು ಚೂರುಚೂರಾಯ್ತು. ಚೂರುಗಳನ್ನು ಇಲ್ಲೇ ತಂದಿಟ್ಟು 1914ರಲ್ಲಿ ಜೋಡಿಸಿದರು. ನಮ್ಮ ಮಕ್ಕಳು ಚಿಕ್ಕವರಿದ್ದಾಗ ಅದರ ಪಕ್ಕ ಕೂತೇ ಬುತ್ತಿ ತಿನ್ನುತ್ತಿದ್ದೆವು. ಆಗ ಯಾರಿಗೂ ಅದರ ಕಥೆ ಗೊತ್ತಿರಲಿಲ್ಲ, ಯಾವುದೋ ಹಳೇ ಆನೆ ಅಂದುಕೊಂಡಿದ್ದೆವು.

ಬೋರಿವಲಿ_ಬಾಲಕ
ಈಗ ಅಲ್ಲಿಗೆ ಎಲ್ಲರೂ ಹೋಗೋದು ಪೆಂಗ್ವಿನ್ ನೋಡೋಕೆ. ಆನೆಯನ್ನು ಕೇಳುವವರಿಲ್ಲ. ಬುಧವಾರ ರಾಣಿಬಾಗ್ ರಜೆ, ನೆನಪಿರಲಿ.

ವಾಸ್ಕೊ_ವಾಸಿ
ಇಷ್ಟೆಲ್ಲ ಒದ್ದಾಟ ಯಾಕೆ? ಗೋವಾಕ್ಕೆ ಬನ್ನಿ. ಕಾಣಕೋಣದ ಕಾಬೊ ದೆ ರಾಮ. ರಾಮ, ಸೀತೆ ವನವಾಸದಲ್ಲಿ ಉಳಿದಿದ್ದರು ಅಂತ ನಂಬಿಕೆ. ಕೋಟೆ ಮೇಲಿಂದ ಸಮುದ್ರ, ಕೆಳಗೆ ಬೀಚ್. ನಿಮ್ಮ ಅಪ್ಪನಿಗೆ ಕನ್ನಡದ ಕಥೆಯೂ ಸಿಗುತ್ತೆ. ಪೋರ್ಚುಗೀಸರಿಗೆ ಹೋಗುವ ಮೊದಲು, 1763ರ ತನಕ ಆ ಕೋಟೆ ನಮ್ಮ ಸೋಂದೆ ಅರಸರದ್ದು. ಬೀಚ್ ಅಂದರೆ ಅದು ಬೀಚ್.

ಹಾರ್ಬರ್‌ಲೈನ್_ಹನುಮ
ಅವರು ಕೇಳಿದ್ದು ನೆರೂಳಿನಿಂದ ಒಂದು ದಿನದ ಪ್ರವಾಸ ಸ್ವಾಮಿ. ನೀವು ಕೊಂಕಣ ರೈಲು ಹತ್ತಿಸ್ತಿದ್ದೀರಿ.

ವಾಸ್ಕೊ_ವಾಸಿ
ಧಾರವಾಡದಿಂದ ನಮಗೇ ಹತ್ತಿರ. ಅಪ್ಪ ಅಮ್ಮ ಮುಂಬಯಿಗೆ ಬರುವ ಬದಲು ಲೋಂಡಾ ಇಳಿದರೆ ಆಯ್ತು. ಹೇಳಿದೆ ಅಷ್ಟೇ.

ನೆರೂಳ್_ಸಂಸಾರ
ಅಪ್ಪ ಅಮ್ಮ ಬರೋದು ಮೊಮ್ಮಗಳನ್ನು ನೋಡೋಕೆ, ಅವಳನ್ನು ಲೋಂಡಾಕ್ಕೆ ಪಾರ್ಸೆಲ್ ಮಾಡೋಕಾಗುತ್ತಾ? 🙂 ಸರಿ, ಇನ್ನೊಂದು ಪ್ರಶ್ನೆ. ದೋಣಿ ಸುರಕ್ಷಿತವಾ? ಎರಡು ವರ್ಷದ ಹಿಂದಿನ ಅಪಘಾತ ನೆನಪಾದರೆ ಹೊಟ್ಟೆ ಕಲಸುತ್ತದೆ.

ಹಾರ್ಬರ್‌ಲೈನ್_ಹನುಮ
2024ರ ಡಿಸೆಂಬರ್ 18. ನೌಕಾಪಡೆಯ ಸ್ಪೀಡ್‌ಬೋಟ್ ಎಂಜಿನ್ ಪರೀಕ್ಷೆ ಮಾಡುವಾಗ ಹಿಡಿತ ತಪ್ಪಿ ಎಲಿಫೆಂಟಾಕ್ಕೆ ಹೊರಟಿದ್ದ ದೋಣಿಗೆ ಗುದ್ದಿತು. ಹತ್ತಕ್ಕೂ ಹೆಚ್ಚು ಜನ ಹೋದರು. ಅದಾದ ಮೇಲೆ ಲೈಫ್ ಜಾಕೆಟ್ ಕಡ್ಡಾಯ ಮಾಡಿದರು.

ಕಡ್ಡಾಯ ಅಂದರೆ ನಮ್ಮಲ್ಲಿ ಏನು ಅಂತ ಗೊತ್ತಲ್ಲ. ದೋಣಿ ಹೊರಡುವಾಗ ಎಲ್ಲರೂ ಹಾಕಿಕೊಳ್ತಾರೆ. ಹತ್ತು ನಿಮಿಷ ಕಳೆದ ಮೇಲೆ ಸೆಖೆ ಅಂತ ಬಿಚ್ಚಿ ಅದರ ಮೇಲೇ ಕೂರ್ತಾರೆ. ನೀವು ಬಿಚ್ಚಬೇಡಿ. ಮಗುವಿಗೆ ದೊಡ್ಡವರ ಜಾಕೆಟ್ ಜಾರುತ್ತೆ, ಚಿಕ್ಕದು ಕೇಳಿ ಇಸ್ಕೊಳ್ಳಿ. ಹೊಟ್ಟು ತುಂಬಿದ ಬಣ್ಣದ ಚೀಲದಂತಿದ್ದು ಕೊಂಡಿಯೇ ಇಲ್ಲದಿದ್ದರೆ ಬೇರೆ ಕೇಳಿ. ಕೇಳೋಕೆ ಸಂಕೋಚ ಬೇಡ. ದೋಣಿ ತುಂಬಿ ತುಳುಕುತ್ತಿದ್ದರೆ ಮುಂದಿನದಕ್ಕೆ ಕಾಯಿರಿ, ಅರ್ಧ ಗಂಟೆಯಲ್ಲಿ ಏನೂ ಹಾಳಾಗಲ್ಲ.

ಕುಡ್ಲದಣ್ಣ
ಇದಕ್ಕೆ ನನ್ನದೂ ಒಂದು ಓಟು. ಸಮುದ್ರದ ಹತ್ತಿರ ಹುಟ್ಟಿದವರು ಯಾರೂ ಸಮುದ್ರದಲ್ಲಿ ಶೂರತನ ತೋರಿಸೋದಿಲ್ಲ. ಮಳೆಗಾಲದಲ್ಲಿ ಅಂತೂ ಹೋಗಲೇಬೇಡಿ. ಗಾಳಿ ಜೋರಾದರೆ ದೋಣಿ ನಿಲ್ಲಿಸ್ತಾರೆ, ಅತ್ತ ಸಿಕ್ಕಿಹಾಕಿಕೊಂಡರೆ ಫಜೀತಿ.

ಬೋರಿವಲಿ_ಬಾಲಕ
ಉರಣ್ ಕಡೆಯಿಂದ ಹೋಗೋಕಾಗಲ್ವಾ? ನೆರೂಳಿನಿಂದ ಉರಣ್‌ಗೆ ಈಗ ಲೋಕಲ್ ಇದೆಯಲ್ಲ.

ಹಾರ್ಬರ್‌ಲೈನ್_ಹನುಮ
ದ್ವೀಪ ಉರಣ್ ತಾಲ್ಲೂಕಿನದ್ದೇ, ರಾಯಗಡ ಜಿಲ್ಲೆ. ಊರಿನವರ ಓಡಾಟವೂ ಆ ಕಡೆಗೇ ಹೆಚ್ಚು. ಆದರೆ ಅದು ಊರಿನವರ ದೋಣಿ, ಅವರ ಹೊತ್ತಿಗೆ ಹೊರಡುತ್ತೆ. ವಯಸ್ಸಾದವರು, ಮಗು ಇರುವಾಗ ಗೇಟ್‌ವೇ ದಾರಿಯೇ ಸರಿ. ದಾರಿಯಲ್ಲಿ ನೋಡೋಕೂ ಇದೆ. ನೌಕಾಪಡೆಯ ಹಡಗುಗಳು, ಎಣ್ಣೆ ಇಳಿಸುವ ಬುಚರ್ ದ್ವೀಪ, ಟ್ರಾಂಬೆ ಕಡೆ ಅಣುಸ್ಥಾವರದ ಗುಮ್ಮಟ, ಉತ್ತರಕ್ಕೆ ಅಟಲ್ ಸೇತು, ಎದುರಿಗೆ ನ್ಹಾವಾ ಶೇವಾ ಬಂದರಿನ ಕ್ರೇನುಗಳು. ಮೇಲಿನ ಅಂತಸ್ತಿಗೆ ಸ್ವಲ್ಪ ಜಾಸ್ತಿ ದುಡ್ಡು ಕೇಳ್ತಾರೆ. ಕೊಡಿ.

ಪುಣೆ_ಪಾರ್ಸೆಲ್
ಸೀಗಲ್‌ಗಳಿಗೆ ಚಿಪ್ಸ್ ಎಸೆಯುವ ಮಂದಿಯನ್ನು ಮರೆತಿರಿ. ಹಕ್ಕಿಗೆ ಹೊಟ್ಟೆನೋವು, ಪಕ್ಕದವರ ತಲೆಗೆ ಪ್ರಸಾದ.

ಮಾಟುಂಗಾ_ಮೀನಾಕ್ಷಿ
ನೆರೂಳಿನ ಹುಡುಗೀ, ನನ್ನ ಮಾತು ಕೇಳು. ಎಲ್ಲರೂ ಗುಹೆ ಗುಹೆ ಅಂತಾರೆ, ಊರಿನ ಬಗ್ಗೆ ಯಾರೂ ಹೇಳಲಿಲ್ಲ. ಅದು ಖಾಲಿ ದ್ವೀಪವಲ್ಲ. ರಾಜಬಂದರ್, ಶೇತಬಂದರ್, ಮೋರಾಬಂದರ್ ಅಂತ ಮೂರು ಹಾಡಿಗಳು. ಎಲ್ಲ ಸೇರಿ ಸಾವಿರ ಚಿಲ್ಲರೆ ಜನ. ಮೀನು, ಸ್ವಲ್ಪ ಭತ್ತ, ದೋಣಿ ಕೆಲಸ, ಪ್ರವಾಸಿಗರ ಅಂಗಡಿ. ಎದುರಿಗೆ ಮುಂಬಯಿ ರಾತ್ರಿಯೆಲ್ಲ ಝಗಮಗ ಅನ್ನುತ್ತಿದ್ದರೆ, ಇವರಿಗೆ ಸಂಜೆ ಮೂರು ತಾಸು ಜನರೇಟರ್, ಅಷ್ಟೇ. ಸಮುದ್ರದ ತಳದಲ್ಲಿ ಏಳೂವರೆ ಕಿಲೋಮೀಟರ್ ಕೇಬಲ್ ಎಳೆದು ಕರೆಂಟು ಕೊಟ್ಟದ್ದು 2018ರ ಫೆಬ್ರುವರಿಯಲ್ಲಿ. ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷ ಆದಮೇಲೆ!

ಆದ್ದರಿಂದ ಗುಹೆ ಮುಗಿಸಿ ಸೀದಾ ದೋಣಿಗೆ ಓಡಬೇಡಿ. ಹಳ್ಳಿ ಕಡೆ ಒಂದು ಸುತ್ತು ಹಾಕಿ. ಊರಿನವರು ನಡೆಸುವ ಖಾನಾವಳಿಯಲ್ಲಿ ಊಟ ಮಾಡಿ. ಮೀನು ತಿನ್ನುವವರಾದರೆ ಅಕ್ಕಿ ಭಾಕರಿ, ಬೊಂಬಿಲ್ ಫ್ರೈ. ಇಲ್ಲದಿದ್ದರೆ ಅನ್ನ, ವರಣ, ಪಲ್ಯ. ಶಿವರಾತ್ರಿಗೆ ಸುತ್ತಲಿನ ಊರವರೆಲ್ಲ ದೋಣಿ ಮಾಡಿಕೊಂಡು ಬರ್ತಾರೆ. ಅವರಿಗೆ ಅದು ಮ್ಯೂಸಿಯಂ ಅಲ್ಲ, ದೇವರ ಜಾಗ.

ಕುಡ್ಲದಣ್ಣ
ಅಕ್ಕ ಹೇಳಿದ್ದು ಸರಿ. ಆದರೆ ಬೊಂಬಿಲ್ ಧಾರವಾಡದ ಮೇಷ್ಟ್ರಿಗೆ ಹಿಡಿಸುತ್ತಾ? ಅವರಿಗೆ ಜೋಳದ ರೊಟ್ಟಿಯೇ ಆಗಬೇಕು. ಗೇಟ್‌ವೇಗೆ ವಾಪಸ್ ಬಂದಮೇಲೆ ಫೋರ್ಟಿನಲ್ಲಿ ಉಡುಪಿ ಹೋಟೆಲಿಗೆ ಹೋಗಿ. ಮಸಾಲೆ ದೋಸೆ, ಒಂದು ಫಿಲ್ಟರ್ ಕಾಫಿ.

ಚಾಲುಕ್ಯ_ವೀರ
ಫೋರ್ಟಿನ ಸಾಂಬಾರಿನಲ್ಲಿ ಬೆಲ್ಲ ಸುರಿದಿರ್ತಾರೆ. ಗಿರಾಕಿಗಳು ಗುಜರಾತಿಗಳು ಅಂತ.

ಕುಡ್ಲದಣ್ಣ
ಉಡುಪಿ ಸಾಂಬಾರಿಗೆ ಮೊದಲಿಂದಲೂ ಬೆಲ್ಲ ಹಾಕ್ತಾರೆ ಮಾರಾಯ್ರೆ, ಗುಜರಾತಿಗಳಿಗೋಸ್ಕರ ಅಲ್ಲ. ನಮ್ಮ ಅಜ್ಜಿಯೂ ಹಾಕುತ್ತಿದ್ದರು. ಇದಕ್ಕೂ ಶಾಸನ ತರಬೇಕಾ?

ಶಾಸನಪ್ರಿಯ
ಸಾಂಬಾರಿಗೆ ಬೇರೆ ಚರ್ಚೆ ಶುರು ಮಾಡಿ, ದಯವಿಟ್ಟು.

ಬೀಚ್ ವಿಷಯಕ್ಕೆ ಬರ್ತೀನಿ. ಕುಡ್ಲದಣ್ಣ ಕೆಸರು ಅಂದರು, ನಿಜ. ಈಜೋಕೆ, ಮರಳಿನಲ್ಲಿ ಆಡೋಕೆ ಆ ದಡ ಅಲ್ಲ. ಆದರೆ ಆ ದಡಕ್ಕೂ ಬೆಲೆ ಇದೆ. ಮೋರಾಬಂದರ್ ದಂಡೆಯಲ್ಲಿ ರೋಮನ್ ಕಾಲದ ಆಂಫೋರಾ ಜಾಡಿಗಳ ಚೂರುಗಳು ಪುರಾತತ್ವದವರಿಗೆ ಸಿಕ್ಕಿವೆ. ದ್ರಾಕ್ಷಿ ಮದ್ಯ, ಎಣ್ಣೆ ತುಂಬಿಸಿ ತರುತ್ತಿದ್ದ ಜಾಡಿಗಳು. ಅಂದರೆ ಗುಹೆ ಕೆತ್ತುವ ಎಷ್ಟೋ ಮೊದಲೇ ಅಲ್ಲಿ ಹಡಗು ತಂಗುತ್ತಿದ್ದವು. ಆ ಕಡೆಯ ಬೆಟ್ಟದಲ್ಲಿ ಇಟ್ಟಿಗೆಯ ಹಳೇ ಸ್ತೂಪವೂ ಇದೆ, ಬೌದ್ಧ ಗುಹೆಗಳೂ ಇವೆ. ಪುಲಿಕೇಶಿ ನೂರಾರು ಹಡಗು ತಂದು ಮುತ್ತುವಷ್ಟು ದುಡ್ಡಿನ ಬಂದರು ಅದಾಗಿರಬಹುದು ಅನ್ನೋದಕ್ಕೆ ನನಗೆ ಗುಹೆಗಿಂತ ಈ ಚೂರುಗಳೇ ಹೆಚ್ಚು ಸಾಕ್ಷಿ. ರಾಜಪುರಿಯ ಪರ ಇರುವವರು ಇದನ್ನು ಒಪ್ಪದಿರಬಹುದು.

ಚಾಲುಕ್ಯ_ವೀರ
ಇದನ್ನು ಮೊದಲೇ ಹೇಳಬಾರದಿತ್ತೇ? ಸುಮ್ನೆ ಜಗಳ ಆಡಿಸಿದಿರಿ. ಚೂರುಗಳು ಈಗ ಹೋದರೆ ಸಿಗುತ್ತವಾ?

ಶಾಸನಪ್ರಿಯ
ಸಿಕ್ಕರೂ ಮುಟ್ಟಬೇಡಿ, ಜೇಬಿಗೆ ಹಾಕಿಕೊಳ್ಳಬೇಡಿ. ನೋಡಿ ಬನ್ನಿ.

ಕ್ಯಾಮೆರಾ_ಕಿಟ್ಟಿ
ಮಂಗಗಳ ಬಗ್ಗೆ ಯಜಮಾನರು ಹೇಳಿದ್ದು ಮಾತ್ರ ಅಕ್ಷರಶಃ ನಿಜ. ಕೈಯಲ್ಲಿ ತಂಪು ಪಾನೀಯದ ಬಾಟ್ಲಿ, ಮೆಕ್ಕೆಜೋಳ, ಪ್ಲಾಸ್ಟಿಕ್ ಚೀಲ ಕಂಡರೆ ಮುಗಿಯಿತು. ಎಲ್ಲಾ ಬೆನ್ನಿನ ಬ್ಯಾಗಿನೊಳಗೆ ಇಡಿ, ಜಿಪ್ ಹಾಕಿ. ಮಗುವಿನ ಕೈಗೆ ಏನೂ ಕೊಡಬೇಡಿ. ಕಸಿದುಕೊಂಡರೆ ಬಿಟ್ಟುಬಿಡಿ, ಎಳೆದಾಡಬೇಡಿ.

ಮಗಳಿಗೆ ಬೇಜಾರಾಗದಿರೋಕೆ ಒಂದು ಉಪಾಯ. ರಾವಣ ಕೈಲಾಸ ಎತ್ತುವ ಕೆತ್ತನೆ ಪೂರ್ವ ಭಾಗದಲ್ಲಿದೆ. ಅಲ್ಲಿ ಅಜ್ಜನಿಗೆ ಕಥೆ ಹೇಳೋಕೆ ಬಿಡಿ. ಗುಹೆ ಆದಮೇಲೆ ಶಕ್ತಿ ಉಳಿದಿದ್ದರೆ ನೀವು, ಅವಳು ಕ್ಯಾನನ್ ಹಿಲ್ ಹತ್ತಿ. ಬ್ರಿಟಿಷರ ಕಾಲದ ಎರಡು ದೊಡ್ಡ ಫಿರಂಗಿಗಳಿವೆ. ಅಮ್ಮ ಕೆಳಗೆ ನೆರಳಲ್ಲಿ ಕೂರಲಿ.

ನೆರೂಳ್_ಸಂಸಾರ
ಸರಿ, ಹಾಗಾದರೆ ನನ್ನ ಪ್ಲಾನ್ ಹೀಗೆ. ಮೊದಲ ದೋಣಿ, ಅಮ್ಮನಿಗೆ ಡೋಲಿ, ಗುಹೆ, ಹಳ್ಳಿಯಲ್ಲಿ ಊಟ. ಎರಡು ಎರಡೂವರೆಗೆ ವಾಪಸ್ ದೋಣಿ. ಬೀಚಿಗೆ ಸಂಜೆ ಗಿರ್ಗಾಂವ್ ಚೌಪಾಟಿ. ಟ್ಯಾಕ್ಸಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಅಲ್ವಾ? ಮರಳೂ ಇದೆ, ಭೇಲ್‌ಪುರಿಯೂ ಇದೆ. ಯಜಮಾನರನ್ನು ಒಪ್ಪಿಸಿದೆ. ಡೋಲಿಯಲ್ಲಿ ಕೂರಲ್ಲ ಅಂತ ಅಮ್ಮ ಮಾತ್ರ ಈಗಲೇ ಹಟ ಹಿಡಿದಿದ್ದಾರೆ. "ನಾಕ್ ಮಂದಿ ಹೊರೂದು ಯಾವಾಗಂತ ಗೊತ್ತಿಲ್ಲೇನು ನಿನಗ" ಅಂತಾರೆ.

ಮಾಟುಂಗಾ_ಮೀನಾಕ್ಷಿ
ಅಯ್ಯೋ ದೇವರೇ! 😂 ಹಾಗಾದರೆ ನಿಧಾನಕ್ಕೆ ಹತ್ತಿಸು. ಒಬ್ಬೊಬ್ಬ ಸರದವನ ಹತ್ತಿರ ಐದೈದು ನಿಮಿಷ ಚೌಕಾಸಿ ಮಾಡಿಸು, ಮೇಲೆ ತಲುಪಿದ್ದೇ ಗೊತ್ತಾಗಲ್ಲ.

ಬೋರಿವಲಿ_ಬಾಲಕ
ಚೌಪಾಟಿ ನೀರಿಗೆ ಮಗುವನ್ನು ಇಳಿಸಬೇಡಿ, ಗಲೀಜು. ದಂಡೆಯಲ್ಲೇ ಆಡಲಿ. ನಾನಂತೂ ಈಗಲೂ ಗೋರಾಯಿಯೇ ಅನ್ನೋದು.

ಹಾರ್ಬರ್‌ಲೈನ್_ಹನುಮ
ಯಾವ ದಿನ ಹೋಗ್ತೀರಿ? ಭಾನುವಾರ ಅಂದರೆ ಬೇಡ. ದೋಣಿಗೆ ಸಾಲು, ಗುಹೆಯಲ್ಲಿ ಸಂತೆ, ಮೇಲಿಂದ ಹಾರ್ಬರ್ ಲೈನಿಗೆ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ಲೋಕಲ್ ನಿಲ್ಲಿಸೋದು. ಸಂಜೆ ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಪನ್ವೇಲ್ ಗಾಡಿಗೆ ಕಾಯೋದರಲ್ಲೇ ಅಮ್ಮನ ಮೊಣಕಾಲು ಮುಗೀತು.

ನೆರೂಳ್_ಸಂಸಾರ
ಗುರುವಾರ.

ಹಾರ್ಬರ್‌ಲೈನ್_ಹನುಮ
ಪರ್ಫೆಕ್ಟ್. ಬೆಳಿಗ್ಗೆ ಏಳೂ ಕಾಲಿನೊಳಗೆ ನೆರೂಳ್ ಬಿಡಿ, ಆಮೇಲೆ ಹಾರ್ಬರ್ ಗಾಡಿಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ಅಪ್ಪ ಅಮ್ಮನ ಗುರುತಿನ ಚೀಟಿ ಇಟ್ಟುಕೊಳ್ಳಿ. ಗುಹೆಯ ಟಿಕೆಟ್ ಭಾರತೀಯರಿಗೆ ನಲವತ್ತು ರೂಪಾಯಿ, ಹದಿನೈದರ ಒಳಗಿನ ಮಕ್ಕಳಿಗೆ ಇಲ್ಲ. ಮೆಟ್ಟಿಲ ಬುಡದಲ್ಲಿ ಪಂಚಾಯತಿಯವರು ಚಿಕ್ಕ ಕರ ತಗೊಳ್ತಾರೆ, ಚಿಲ್ಲರೆ ಇರಲಿ.

ಚಾಲುಕ್ಯ_ವೀರ
ಗುರುವಾರ ನನಗೂ ರಜೆ. ನಿಮ್ಮ ತಂದೆಯವರಿಗೆ ಅಭ್ಯಂತರ ಇಲ್ಲದಿದ್ದರೆ ನಾನೂ ಬರಲಾ? ಶಾಸನಪ್ರಿಯರನ್ನೂ ಕರೆಯಿರಿ, ದೋಣಿಯಲ್ಲಿ ಒಂದು ತಾಸು ಇದೆಯಲ್ಲ.

ನೆರೂಳ್_ಸಂಸಾರ
ಅಪ್ಪನಿಗೆ ಹೇಳಿದೆ. "ಕಲಚುರಿ ಅನ್ನಾಂವ ಯಾರು, ಅವನ್ನ ಮೊದಲ ಕರಿ" ಅಂತಿದ್ದಾರೆ.

ಶಾಸನಪ್ರಿಯ
ಬರ್ತೀನಿ. ಜಾಗ ಮಾತ್ರ ಮೇಲಿನ ಅಂತಸ್ತಿನಲ್ಲಿ ಹಿಡಿದಿಡಿ.